ನಿಖತ್ ಹೆಸರಿನ ಅಂಕಗಳು

ಪಾಳ್ಯ ದಾಟಿ ಸಕಲೇಶಪುರದ ಕಡೆ ಹೋಗುವಾಗ ಎಡಕ್ಕೆ ಸಿಗುವ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನ ಲ್ಯಾಬಿನಲ್ಲಿ ಯಾರ ಪಾಸ್‌ವರ್ಡೂ ಗುಟ್ಟಾಗಿ ಉಳಿದಿರಲಿಲ್ಲ. ಹಾಜರಿಗೆ ಒಂದು ಆಪ್, ರಜೆಗೆ ಇನ್ನೊಂದು, ಲಾರಿ ಲೋಡಿಗೆ ಮತ್ತೊಂದು. ಬೀಜದ ತೇವಾಂಶ ಬರೆಯಲು, ರುಚಿಯ ಅಂಕ ಬರೆಯಲು, ಮೇಲ್ ನೋಡಲು ಬೇರೆ ಬೇರೆ. ಒಂದೊಂದಕ್ಕೂ ಒಂದೊಂದು ಪಾಸ್‌ವರ್ಡ್, ಅದನ್ನೂ ಆಗಾಗ ಬದಲಾಯಿಸಬೇಕೆಂಬ ಕಟ್ಟಳೆ. ಮರೆತವರು ಕೂತಲ್ಲಿಂದಲೇ ಕೇಳುತ್ತಿದ್ದರು, ಗೊತ್ತಿದ್ದವರು ಕೂತಲ್ಲಿಂದಲೇ ಹೇಳುತ್ತಿದ್ದರು. ಸ್ಯಾಂಪಲ್ ಹುರಿಯುವ ದೇವೀರಮ್ಮನಿಗೆ ಕಂಪ್ಯೂಟರ್ ಮುಟ್ಟುವ ಕೆಲಸವೇ ಇರಲಿಲ್ಲ. ಆದರೂ ನಿಖತ್ ಪರದೆಯ ಮುಂದೆ ತಡವರಿಸಿದಾಗ, "ಅದೇ ನಿಮ್ಮಪ್ಪಾರ ಲಾರಿ ನಂಬ್ರು ಕಣಮ್ಮ, ಕೊನೇಲಿ ಒಂದು ನಕ್ಷತ್ರ" ಎಂದು ಹುರಿಯುವ ಯಂತ್ರದ ಸದ್ದನ್ನು ಮೀರಿಸಿ ಹೇಳುವಷ್ಟು ಅವಳಿಗೆ ಗೊತ್ತಿತ್ತು.

ಶೃತಿಯ ಪಾಸ್‌ವರ್ಡ್‌ಗಳು ಮಾತ್ರ ಯಾರ ಬಾಯಲ್ಲೂ ನಿಲ್ಲುತ್ತಿರಲಿಲ್ಲ. ಹಾಸನದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿದ ಅವಳು ಕಾಫಿಯೊಳಗಿನ ಆಮ್ಲಗಳ ಸೂತ್ರಗಳನ್ನು ಹಿಂದುಮುಂದು ಮಾಡಿ ಇಟ್ಟುಕೊಳ್ಳುತ್ತಿದ್ದಳು. ಲ್ಯಾಬಿಗೆ ಮೊದಲು ಬಂದವಳು ಅವಳೇ. ಚಮಚ ಎಲ್ಲಿರಬೇಕು, ನೀರು ಎಷ್ಟು ಕಾಯಬೇಕು, ಹುರಿದ ಬೀಜ ಎಷ್ಟು ಹೊತ್ತು ಆರಬೇಕು ಎಂಬುದನ್ನೆಲ್ಲ ಗೊತ್ತುಮಾಡಿದವಳೂ ಅವಳೇ. ನಿಖತ್ ಬಂದದ್ದು ಎರಡು ವರ್ಷ ಕಳೆದ ಮೇಲೆ. ಸಕಲೇಶಪುರದ ಪೇಟೆಯಲ್ಲಿ ಅವಳ ತಂದೆ ಕಲೀಮುಲ್ಲಾ ಅವರದು ಕಾಫಿ ಖರೀದಿಯ ಅಂಗಡಿ. ಬಿ.ಎಸ್ಸಿ. ಓದಿದ್ದು ಕಾಲೇಜಿನಲ್ಲಾದರೂ ಬೀಜ ಕಚ್ಚಿ ನೋಡುವುದನ್ನು ಅವಳು ಅಂಗಡಿಯ ಮೂಟೆಗಳ ನಡುವೆಯೇ ಕಲಿತಿದ್ದಳು.

ಫೆಬ್ರವರಿಯಲ್ಲಿ ಹಾಸನದ ಕಚೇರಿಯಿಂದ ಅಭಿಷೇಕ್ ಎಂಬ ಹುಡುಗ ಬಂದು, ಇನ್ನು ಮೇಲೆ ಸಿಂಗಲ್ ಸೈನ್-ಆನ್ ಎಂದ. ಎಸ್ಟೇಟಿನ ಗೇಟಿನಲ್ಲಿ ಒಮ್ಮೆ ಗುರುತು ಹೇಳಿ ಒಳಗೆ ಬಂದರೆ ಸ್ಟೋರಿಗೆ ಹೋದರೂ ಕಣಕ್ಕೆ ಹೋದರೂ ಮತ್ತೆ ಯಾರೂ ಕೇಳುವುದಿಲ್ಲವಲ್ಲ, ಹಾಗೆ ಎಂದು ವಿವರಿಸಿದ. ಬೆಳಿಗ್ಗೆ ಒಂದೇ ಪಾಸ್‌ವರ್ಡ್. ಆಗ ಪರದೆಯ ಮೇಲೆ ಒಂದು ಸಂಖ್ಯೆ ಮೂಡುತ್ತದೆ. ಅದನ್ನು ತನ್ನ ಫೋನಿನಲ್ಲಿ ಒತ್ತಿ ಬೆರಳಿಟ್ಟರೆ ಎಲ್ಲ ಆಪ್‌ಗಳ ಬಾಗಿಲುಗಳೂ ಒಟ್ಟಿಗೆ ತೆರೆಯುತ್ತವೆ. ರಜೆ ಹಾಕಲು ದೇವೀರಮ್ಮನಿಗೂ ಒಂದು ಲಾಗಿನ್ ಕೊಡಬೇಕಿತ್ತು. ಕಾಫಿ ಹಣ್ಣು ಬಿಡಿಸಿ, ಬೀಜ ಆರಿಸಿ ಸವೆದ ಅವಳ ಬೆರಳನ್ನು ಫೋನು ಎಷ್ಟು ಸಲ ಇಟ್ಟರೂ ಒಪ್ಪಲಿಲ್ಲ.

"ನನ್ ಬೆಟ್ಟಿಗೇ ನಾನ್ಯಾರು ಅಂತ ಮರ್ತೋಗೈತೆ, ಬಿಡಪ್ಪ" ಎಂದಳು ದೇವೀರಮ್ಮ. ಅಭಿಷೇಕ್ ಅವಳ ಮುಖವನ್ನೇ ಫೋನಿಗೆ ತೋರಿಸಿ ಕೆಲಸ ಮುಗಿಸಿದ.

ಒಳಗೆ ಹೋದ ಕೂಡಲೇ ಪ್ರತಿಯೊಬ್ಬರಿಗೂ ಒಂದು ಪುಟ ತೆರೆಯುತ್ತಿತ್ತು. ಅದರಲ್ಲಿ ಅವರವರಿಗೆ ದಕ್ಕಿದ ಆಪ್‌ಗಳ ಚೌಕಗಳು. ಯಾರಿಗೆ ಯಾವುದು ತೆರೆಯುತ್ತದೆ ಎಂಬುದು ಅಲ್ಲಿಯವರೆಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಈಗ ಎಲ್ಲರೂ ಪಕ್ಕದವರ ಪರದೆಗೆ ಬಗ್ಗಿ ಚೌಕ ಎಣಿಸತೊಡಗಿದರು. ಲಾರಿ ಲೋಡಿನ ಲಿಂಗಪ್ಪ, ತನಗಿಂತ ಸ್ಟೋರಿನವನಿಗೆ ಒಂದು ಚೌಕ ಹೆಚ್ಚಿದೆ ಎಂದು ಮಧ್ಯಾಹ್ನದ ಊಟವನ್ನೇ ಅರ್ಧಕ್ಕೆ ಬಿಟ್ಟ. ಶೃತಿಗೆ ನಗು ಬಂತು. ಅವಳ ಪುಟಕ್ಕೂ ನಿಖತ್‌ಳ ಪುಟಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ಇಬ್ಬರಿಗೂ ಹೊಸದಾಗಿ ಕಂಡದ್ದು ಒಂದೇ ಚೌಕ. ಅದರ ಮೇಲೆ 'ಹೋಲಿಕೆ' ಎಂದು ಬರೆದಿತ್ತು.

ರುಚಿಯ ಅಂಕ ಬರೆಯುವ ಆಪ್‌ನ ಜೊತೆಯಲ್ಲೇ ಕಂಪನಿ ಅದನ್ನೂ ಕೊಂಡಿತ್ತಂತೆ. ಅದರ ಪಾಸ್‌ವರ್ಡ್ ಇಟ್ಟುಕೊಂಡಿದ್ದ ಅಧಿಕಾರಿ ಕೆಲಸ ಬಿಟ್ಟು ಹೋದ ಮೇಲೆ ಯಾರೂ ಅದನ್ನು ವಿಚಾರಿಸಿರಲಿಲ್ಲ. ಈಗ ಒಂದೇ ಒತ್ತಿಗೆ ತೆರೆಯಿತು.

ಲ್ಯಾಬಿನ ಕೆಲಸ ನಡೆಯುವುದು ಹೀಗೆ. ಕಂಪನಿಯ ತೋಟಗಳಿಂದಲೂ ಮಗ್ಗೆ, ಪಾಳ್ಯದ ಸಣ್ಣ ಬೆಳೆಗಾರರಿಂದಲೂ ಬಂದ ಪ್ರತಿ ಲಾಟ್‌ನಿಂದ ಒಂದು ಹಿಡಿ ತೆಗೆದು ಹುರಿದು, ಪುಡಿಮಾಡಿ, ಬಟ್ಟಲಿಗೆ ಹಾಕಿ ಬಿಸಿನೀರು ಹೊಯ್ಯುತ್ತಾರೆ. ಶೃತಿ, ನಿಖತ್ ಇಬ್ಬರೂ ಚಮಚದಲ್ಲಿ ಹೀರಿ, ಉಗುಳಿ, ಪರಿಮಳಕ್ಕೆ, ರುಚಿಗೆ, ಹುಳಿಗೆ, ಬಾಯಲ್ಲಿ ಉಳಿಯುವ ಕೊನೆಯ ಸ್ವಾದಕ್ಕೆ ಬೇರೆ ಬೇರೆ ಅಂಕ ಕೊಡುತ್ತಾರೆ. ಒಟ್ಟು ನೂರಕ್ಕೆ. ಒಬ್ಬರ ಅಂಕ ಇನ್ನೊಬ್ಬರು ನೋಡುವಂತಿಲ್ಲ. ಎರಡರ ಸರಾಸರಿ ಕೊಳ್ಳುವವರಿಗೆ ಹೋಗುತ್ತದೆ. ಕೊಳ್ಳುವವರ ಕಡೆಯ ಪರಿಣತರು ತಾವೂ ಕುಡಿದು ನೋಡಿ ತಮ್ಮ ಅಂಕ ಕಳಿಸುತ್ತಾರೆ. ಆ ಅಂಕ ಬಂದು ಎಲ್ಲೋ ಸೇರಿಕೊಳ್ಳುತ್ತಿತ್ತು. ಎಲ್ಲಿ ಸೇರುತ್ತಿತ್ತೆಂದು ಈಗ ಗೊತ್ತಾಯಿತು.

ಪರದೆಯ ಮೇಲೆ ಮೂರು ಗೆರೆಗಳಿದ್ದವು. ಕಪ್ಪು ಗೆರೆ ಕೊಳ್ಳುವವರದು, ಹಸಿರು ಶೃತಿಯದು, ಕಿತ್ತಳೆ ನಿಖತ್‌ಳದು. ಕಪ್ಪು ಗೆರೆ ಏರಿದಲ್ಲಿ ಕಿತ್ತಳೆ ಗೆರೆಯೂ ಏರಿತ್ತು, ಇಳಿದಲ್ಲಿ ಇಳಿದಿತ್ತು. ಹಸಿರು ಗೆರೆ ಆ ಏರಿಳಿತಗಳ ನಡುವೆ ಗದ್ದೆಯ ಬದುವಿನಂತೆ ನೆಟ್ಟಗೆ ಹೋಗಿತ್ತು.

ಅದೇ ಹೊತ್ತಿಗೆ ಮ್ಯಾನೇಜರ್ ಮೋಹನ್ ಒಳಗೆ ಬಂದರು. ಎಲ್ಲರ ತಲೆಗಳ ಮೇಲಿಂದ ಬಗ್ಗಿ ನೋಡಿ, ಇದು ಒಳ್ಳೆಯದಾಯಿತು, ತಾನೂ ಇದನ್ನೇ ಯೋಚಿಸುತ್ತಿದ್ದೆ ಎಂದರು. ಮಾರ್ಚ್‌ನಿಂದ ಕಂಪನಿಗೆ ಒಬ್ಬರೇ ಹಿರಿಯ ರುಚಿ ಪರೀಕ್ಷಕರು ಇರಬೇಕೆಂದು ಹಾಸನದಿಂದ ಹೇಳಿದ್ದಾರೆ. ಇಬ್ಬರ ಅಂಕ ಬೇರೆಯಾದರೆ ಇನ್ನು ಸರಾಸರಿ ಇಲ್ಲ, ಹಿರಿಯರ ಅಂಕವೇ ಹೋಗುತ್ತದೆ. ಈ ತಿಂಗಳ ಕೊನೆಯೊಳಗೆ ಹೆಸರು ಕೊಡಬೇಕು.

"ನಾನು ಹೇಳೋದಕ್ಕಿಂತ ಇದೇ ಹೇಳ್ತೈತಲ್ರಮ್ಮ" ಎಂದು ಪರದೆಯನ್ನು ತೋರಿಸಿ ಹೊರಟುಹೋದರು.

ಆ ಸ್ಥಾನ ತನ್ನದೆಂದು ಶೃತಿ ಯಾರ ಬಳಿಯೂ ಹೇಳಿಕೊಂಡಿರಲಿಲ್ಲ. ಹೇಳಬೇಕಾದ ವಿಷಯವೆಂದೇ ಅವಳಿಗೆ ಅನ್ನಿಸಿರಲಿಲ್ಲ.

ಅಂದಿನಿಂದ ಅವಳು ನಿಖತ್‌ಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದಳು. ಕಪ್ಪಿಂಗ್, ಅಂದರೆ ಬಟ್ಟಲಿನ ರುಚಿ ನೋಡುವ ಕಾಲದಲ್ಲಿ ಶೃತಿ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುತ್ತಿರಲಿಲ್ಲ. ಪೌಡರ್ ಹಾಕುತ್ತಿರಲಿಲ್ಲ, ಪೇಸ್ಟಿನ ವಾಸನೆ ಉಳಿಯುತ್ತದೆಂದು ಬರೀ ಉಪ್ಪಿನಲ್ಲಿ ಹಲ್ಲುಜ್ಜುತ್ತಿದ್ದಳು. ನಿಖತ್ ಮನೆಯಿಂದ ತಂದ ಖೀಮಾ ತಿಂದು, ಎರಡು ಗುಟುಕು ನೀರು ಕುಡಿದು, ತಲೆಗೆ ಹೂ ಮುಡಿದುಕೊಂಡೇ ಬಟ್ಟಲಿನ ಮುಂದೆ ನಿಲ್ಲುತ್ತಿದ್ದಳು. ಚಮಚ ಎತ್ತಿ ಹೀರುವ ಅವಳ ಸದ್ದು ಲ್ಯಾಬಿನ ಗೋಡೆಗೆ ತಾಗುತ್ತಿತ್ತು. ಶೃತಿ ಒಂದೊಂದು ಬಟ್ಟಲಿಗೂ ಮೂರು ಸಲ ತಿರುಗಿ ಬಂದು, ಬಿಸಿಯಲ್ಲೊಮ್ಮೆ, ಬೆಚ್ಚಗಿದ್ದಾಗೊಮ್ಮೆ, ಆರಿದ ಮೇಲೊಮ್ಮೆ ನೋಡಿ ಅಂಕ ತಿದ್ದುತ್ತಿದ್ದಳು. ನಿಖತ್ ಒಂದು ಸುತ್ತು ಮುಗಿಸಿ, ತೋಚಿದ್ದನ್ನು ಒತ್ತಿ, ದೇವೀರಮ್ಮನ ಜೊತೆ ಹರಟೆಗೆ ಕೂರುತ್ತಿದ್ದಳು.

ಮೊದಲೆಲ್ಲ ಈ ಸಡಿಲುತನ ಕಂಡು ಶೃತಿಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಈಗ ಅದೇ ಅವಳನ್ನು ಇರಿಯುತ್ತಿತ್ತು. ಕಷ್ಟಪಟ್ಟು ತನ್ನನ್ನು ಮೀರಿಸಿದ್ದರೆ ಸಹಿಸಬಹುದಿತ್ತು. ಇವಳು ಕಷ್ಟವನ್ನೇ ಪಟ್ಟಿಲ್ಲ.

ದಿನಕ್ಕೆ ಹಲವು ಸಲ ಅವಳು ಆ ಚೌಕವನ್ನು ತೆರೆಯುತ್ತಿದ್ದಳು. ಮುಂಚೆ ಒಂದು ಆಪ್ ತೆರೆಯಲು ಪಾಸ್‌ವರ್ಡ್ ನೆನಪಿಸಿಕೊಳ್ಳುವಷ್ಟರಲ್ಲಿ ಅರ್ಧ ಮನಸ್ಸು ಹಿಂದೆ ಸರಿಯುತ್ತಿತ್ತು. ಈಗ ತಡೆಯುವುದು ಏನೂ ಇರಲಿಲ್ಲ. ತೇವಾಂಶ ಬರೆದು ಮುಗಿಸಿದ ಬೆರಳು ತಾನಾಗಿ ಪಕ್ಕದ ಚೌಕಕ್ಕೆ ಜಾರುತ್ತಿತ್ತು. ಗೆರೆಗಳು ಬದಲಾಗುವುದಿಲ್ಲವೆಂದು ಗೊತ್ತಿದ್ದೂ ನೋಡುತ್ತಿದ್ದಳು. ನಿಖತ್ ಏನಾದರೂ ಕೇಳಿದರೆ ಒಂದೊಂದೇ ಪದದಲ್ಲಿ ಉತ್ತರಿಸುತ್ತಿದ್ದಳು.

"ಈ ಮೇಡಮ್ಮು ಯಾಕೆ ಹಿಂಗೆ ಬಿಗ್ಕೊಂಡವ್ರೆ" ಎಂದು ದೇವೀರಮ್ಮ ನಿಖತ್‌ಳನ್ನು ಕೇಳಿದ್ದು ಅವಳ ಕಿವಿಗೂ ಬಿತ್ತು. ನಿಖತ್ ಚಮಚ ತೊಳೆಯುತ್ತಿದ್ದಳು.

ರಂಜಾನ್ ಶುರುವಾಯಿತು. ನಿಖತ್‌ಳಿಗೆ ಹಗಲೆಲ್ಲ ರೋಜಾ, ಉಪವಾಸ. ಮೊದಲ ದಿನ ಊಟದ ಹೊತ್ತಿಗೆ ನಿಖತ್ ಬುತ್ತಿಯಿಲ್ಲದೆ ಬಂದು ಪಕ್ಕದಲ್ಲಿ ಕೂತಳು.

"ಹೋದ ವರ್ಷದಂಗೇ ಮಾಡಾಣ ಕಣೆ" ಎಂದಳು. "ವಾಸನೆ ನಾನು ನೋಡಿ ಹೇಳ್ತೀನಿ. ಮಿಕ್ಕಿದ್ದು ನೀನು ಬರ್ದುಬಿಡು. ಕಂಪ್ಯೂಟರ್‌ನಲ್ಲಿ ನಂಬರ್ ಬಂದಾಗ ಫೋನಲ್ಲಿ ನಾನು ಒತ್ತುತೀನಿ."

ನಾಳೆ ಹೇಳುತ್ತೇನೆ ಎಂದಳು ಶೃತಿ. ಹೋದ ವರ್ಷ ಎಂಬ ಮಾತು ಕೇಳಿದ ಕ್ಷಣದಲ್ಲಿ ಅವಳಿಗೆ ಕಿತ್ತಳೆ ಗೆರೆಯ ಒಂದು ಭಾಗ ಕಣ್ಣಮುಂದೆ ಬಂದಿತ್ತು.

ಹೋದ ವರ್ಷದ ರಂಜಾನಿನಲ್ಲಿ ನಿಖತ್ ಕಾಫಿಯನ್ನು ಬಾಯಿಗೆ ಹಾಕಿರಲಿಲ್ಲ. ನುಂಗದೆ ಉಗುಳಿದರೆ ಅಡ್ಡಿಯಿಲ್ಲವೆಂದು ಅವಳ ತಾಯಿ ಅಖ್ತರುನ್ನೀಸಾ ಹೇಳಿದ್ದರಂತೆ. ಆದರೆ ಹಸಿದ ಹೊಟ್ಟೆಯಲ್ಲಿ ಆ ಪರಿಮಳಕ್ಕೆ ಒಂದು ಗುಟುಕು ಒಳಗೆ ಹೋಗಿಯೇ ಬಿಡುತ್ತದೆ, ತನ್ನ ಮೇಲೆ ತನಗೆ ಅಷ್ಟು ನಂಬಿಕೆಯಿಲ್ಲ ಎಂದು ನಿಖತ್ ನಕ್ಕಿದ್ದಳು. ಇಬ್ಬರ ಅಂಕವಿಲ್ಲದೆ ಲಾಟ್ ಮುಂದೆ ಹೋಗುವಂತಿರಲಿಲ್ಲ. ಆಗಲೇ ಈ ಏರ್ಪಾಡು ಆದದ್ದು. ನಿಖತ್ ಒಣ ಪುಡಿಯನ್ನು ಮೂಸಿ ಪರಿಮಳದ ಅಂಕ ಹೇಳುವಳು. ಮಿಕ್ಕ ಎಲ್ಲವನ್ನೂ ಶೃತಿ ಹೀರಿ ನೋಡಿ, ಲಾರಿ ನಂಬರು ಮತ್ತು ನಕ್ಷತ್ರ ಹಾಕಿ ನಿಖತ್‌ಳ ಹೆಸರಿನಲ್ಲಿ ಬರೆಯುವಳು. ಆಮೇಲೆ ತನ್ನ ಹೆಸರಿನಲ್ಲಿ ಇನ್ನೊಂದು. ಲ್ಯಾಬಿನಲ್ಲಿ ಯಾರಿಗೂ ಅದು ತಪ್ಪೆಂದು ತೋರಿರಲಿಲ್ಲ. ಒಬ್ಬರ ಪಾಸ್‌ವರ್ಡ್ ಹಾಕಿ ಇನ್ನೊಬ್ಬರ ರಜೆ ಬರೆಯುವುದೂ, ಒಬ್ಬರ ಲಾರಿಯನ್ನು ಇನ್ನೊಬ್ಬರು ಕಳಿಸುವುದೂ ನಡೆದೇ ಇತ್ತು.

ಸಂಜೆ ಎಲ್ಲರೂ ಹೊರಟ ಮೇಲೆ ಶೃತಿ ಹೋಲಿಕೆಯ ಪುಟ ತೆರೆದು ಆ ತಿಂಗಳನ್ನು ಮಾತ್ರ ಹಿಗ್ಗಿಸಿದಳು. ಇಡೀ ವರ್ಷದಲ್ಲಿ ಕಿತ್ತಳೆ ಗೆರೆ ಕಪ್ಪು ಗೆರೆಗೆ ಅಂಟಿಕೊಂಡು ಹೋದದ್ದು ಅಲ್ಲೇ. ಮಿಕ್ಕ ತಿಂಗಳುಗಳಲ್ಲಿ ನಿಖತ್ ಅಲ್ಲಲ್ಲಿ ಹಾರಿದ್ದಳು, ಜಾರಿದ್ದಳು. ಆ ಒಂದು ತಿಂಗಳೇ ಅವಳನ್ನು ವರ್ಷದ ಲೆಕ್ಕದಲ್ಲಿ ಮೇಲೆ ತಂದಿತ್ತು.

ಶೃತಿಗೆ ಎದೆ ಹಗುರಾಯಿತು. ಅದು ತನ್ನ ನಾಲಗೆ. ಇಷ್ಟು ದಿನ ತನ್ನ ನಾಲಗೆಯನ್ನೇ ನೋಡಿ ತಾನು ಕುದಿದಿದ್ದೆ.

ಆದರೆ ಅವಳ ಓದು ಅವಳನ್ನು ಅಲ್ಲಿಗೆ ಬಿಡಲಿಲ್ಲ. ಕಾರಣ ನಿಖತ್‌ಳ ಮೂಗೂ ಇರಬಹುದಲ್ಲ? ಅಂಕಗಳನ್ನು ಬಿಡಿಸಿ ನೋಡಿದಳು. ಪರಿಮಳದ ಅಂಕ ಇಬ್ಬರ ಹೆಸರಿನಲ್ಲೂ ಹೆಚ್ಚುಕಡಿಮೆ ಒಂದೇ. ಕೊಳ್ಳುವವರಿಗೆ ಸರಿಹೊಂದಿದ್ದು ರುಚಿ, ಹುಳಿ, ಕೊನೆಯ ಸ್ವಾದ. ಅವೆಲ್ಲ ಶೃತಿಯವೇ. ಹಾಗಾದರೆ ಅವೇ ದಿನಗಳಲ್ಲಿ, ಅವೇ ಬಟ್ಟಲುಗಳಿಗೆ ತನ್ನ ಹೆಸರಿನಲ್ಲಿ ತಾನು ಬರೆದದ್ದೇನು? ಹಸಿರು ಗೆರೆಯನ್ನೂ ಹಿಗ್ಗಿಸಿದಳು. ಅದು ಬದುವಿನಂತೆ ನೆಟ್ಟಗೇ ಇತ್ತು.

ಒಂದೇ ಬಾಯಿ, ಒಂದೇ ಬಟ್ಟಲು, ಒಂದೇ ಹೊತ್ತು. ಎರಡು ಅಂಕ. ಒಂದು ಸರಿ, ಒಂದು ತಪ್ಪು.

ಅವಳಿಗೆ ಆ ದಿನಗಳು ನಿಧಾನವಾಗಿ ನೆನಪಿಗೆ ಬಂದವು. ಎರಡು ಅಂಕಗಳೂ ಒಂದೇ ಆದರೆ ನಕಲು ಮಾಡಿದ್ದು ಗೊತ್ತಾಗುತ್ತದೆಂದು ಒಂದನ್ನು ಸ್ವಲ್ಪ ಸರಿಸಬೇಕಿತ್ತು. ಮೊದಲು ಬರೆಯುತ್ತಿದ್ದದ್ದು ನಿಖತ್‌ಳದು. ಹೀರಿದ ಕೂಡಲೇ ನಾಲಗೆಗೆ ಬಂದ ಸಂಖ್ಯೆ ಅಲ್ಲಿಗೆ ಹೋಗುತ್ತಿತ್ತು. ಎಂಬತ್ತೆಂಟು ಅನ್ನಿಸಿದರೆ ಎಂಬತ್ತೆಂಟು, ಕೆಟ್ಟದ್ದೆನಿಸಿದರೆ ಎಪ್ಪತ್ತೊಂದು. ಅಂಥ ಸಂಖ್ಯೆಗಳನ್ನು ನಿಖತ್ ಬರೆಯಬಲ್ಲಳು, ಬರೆದರೆ ಒಪ್ಪುತ್ತದೆ ಎಂದುಕೊಳ್ಳುತ್ತಿದ್ದಳು. ಆಮೇಲೆ ತನ್ನದು. ಅಷ್ಟು ಹೆಚ್ಚು ಕೊಡಲು ಆಧಾರವೇನು, ಅಷ್ಟು ಕಡಿಮೆ ಕೊಟ್ಟು ತಪ್ಪಾದರೆ ಎಂದು ಯೋಚಿಸಿ, ಮೇಲಿನದನ್ನು ಕೆಳಗೆ ಎಳೆದು, ಕೆಳಗಿನದನ್ನು ಮೇಲೆತ್ತಿ, ನಡುವಿನಲ್ಲಿ ಇಡುತ್ತಿದ್ದಳು. ಪ್ರತಿ ಸಲವೂ ತಿದ್ದಿದ್ದು ತನ್ನದನ್ನೇ. ಒಮ್ಮೆಯೂ ನಿಖತ್‌ಳದನ್ನಲ್ಲ.

ಇನ್ನೊಬ್ಬಳು ಮೇಲೆಂದು ತಿಳಿದು ಪಡುವ ಸಂಕಟಕ್ಕೆ ಒಂದು ಎಲ್ಲೆಯಾದರೂ ಇತ್ತು. ತಾನೇ ಅವಳಾಗಿ ನಿಂತಾಗ ತನಗಿಂತ ಮೇಲಾಗಿದ್ದೆ ಎಂಬುದಕ್ಕೆ ಯಾರನ್ನು ದೂರುವುದು?

ಮರುದಿನ ಅವಳು ನಿಖತ್‌ಳಿಗೆ, ಈ ಸಲ ಆಗುವುದಿಲ್ಲ ಎಂದಳು. ಯಾಕೆಂದು ನಿಖತ್ ಕೇಳಿದಳು. ಹೊಸ ವ್ಯವಸ್ಥೆ, ಯಾರು ಯಾವಾಗ ಯಾವ ಕಂಪ್ಯೂಟರಿನಿಂದ ಒಳಗೆ ಬಂದರೆಂದು ಹಾಸನದಲ್ಲಿ ಕಾಣುತ್ತದಂತೆ ಎಂದಳು ಶೃತಿ. ಅದು ನಿಜವೇ ಆಗಿತ್ತು.

"ಸರಿ, ಹಂಗಾದ್ರೆ ರೋಜಾ ಬಿಟ್ಟ ಮೇಲೆ ಇದ್ದು ನೋಡ್ಬುಟ್ಟು ಹೋಗ್ತೀನಿ" ಎಂದು ನಿಖತ್ ಹೇಳಿದಳು. ಬೇಸರಪಟ್ಟುಕೊಂಡಂತೆ ಕಾಣಲಿಲ್ಲ. ಸಂಜೆಯ ಬಸ್ಸು ತಪ್ಪುತ್ತದೆಂದು, ಕರೆದುಕೊಂಡು ಹೋಗಲು ತಮ್ಮ ಫಾಜಿಲ್‌ನಿಗೆ ಬರಹೇಳಿದಳು.

ಮೋಹನ್ ಬಳಿ ಹೇಗೆ ಹೇಳಬೇಕೆಂದು ಶೃತಿ ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ಆ ತಿಂಗಳ ಅಂಕಗಳು ತನ್ನವೆಂದರೆ ಸ್ಥಾನ ತನಗೆ ಬರುತ್ತದೆ. ಆದರೆ ಹಾಗೆಂದರೆ ನಿಖತ್ ಬಾಯಿಗೇ ಹಾಕದ ಕಾಫಿಗೆ ಅವಳ ಹೆಸರಿನಲ್ಲಿ ಅಂಕ ಹೋಗಿದೆ ಎಂದು ಹೇಳಿದಂತೆ. ಬರೆದವಳು ತಾನೇ ಎಂಬುದೂ ಹೊರಬರುತ್ತದೆ. ಸುಮ್ಮನಿದ್ದರೆ ತನ್ನ ನಾಲಗೆಯ ಕೆಲಸಕ್ಕೆ ನಿಖತ್ ಹಿರಿಯಳಾಗುತ್ತಾಳೆ, ಮುಂದೆ ಪ್ರತಿ ಲಾಟ್‌ನಲ್ಲೂ ತನ್ನ ಅಂಕವನ್ನು ಬದಿಗೆ ಸರಿಸುತ್ತಾಳೆ. ಎರಡನ್ನೂ ತೂಗುತ್ತ ದಿನಗಳು ಹೋದವು. ಸತ್ಯ ಹೇಳುವುದು ಸರಿಯೆಂಬ ಕಾರಣಕ್ಕೆ ಹೇಳಹೊರಟಿದ್ದೇನೋ, ನಿಖತ್ ಕೆಳಗಿಳಿಯಲಿ ಎಂದೋ? ಈ ಪ್ರಶ್ನೆಯನ್ನೂ ಅವಳು ತನ್ನನ್ನು ಕೇಳಿಕೊಂಡಳು. ಪರೀಕ್ಷಿಸುವ ಉಪಾಯ ಯಾವುದೂ ಹೊಳೆಯಲಿಲ್ಲ.

ಒಂದು ಸಂಜೆ ಆ ತಿಂಗಳನ್ನು ಹಿಗ್ಗಿಸಿಕೊಂಡು ನೋಡುತ್ತಿದ್ದಾಗ, ಕಣದಿಂದ ಬಂದ ಮೂಟೆಗೆ ಸಹಿ ಬೇಕೆಂದು ಲಿಂಗಪ್ಪ ಕರೆದ. ಶೃತಿ ಪರದೆಯನ್ನು ಹಾಗೆಯೇ ಬಿಟ್ಟು ಎದ್ದುಹೋದಳು. ಎಂದೂ ಹಾಗೆ ಬಿಟ್ಟವಳಲ್ಲ. ತಿರುಗಿ ಬಂದಾಗ ನಿಖತ್ ಅವಳ ಕುರ್ಚಿಯ ಹಿಂದೆ ಕೈಕಟ್ಟಿಕೊಂಡು ನಿಂತಿದ್ದಳು. ಒಂದಕ್ಕೊಂದು ಅಂಟಿದ ಕಪ್ಪು, ಕಿತ್ತಳೆ ಗೆರೆಗಳೂ, ಮೇಲೆ ಹೋದ ವರ್ಷದ ಮಾರ್ಚ್ ಎಂಬ ಅಕ್ಷರಗಳೂ ಎದುರಿಗಿದ್ದವು. ನಿಖತ್ ಅವಳ ಕಡೆ ಒಮ್ಮೆ ನೋಡಿದಳು. ಹೋಗಿ ತನ್ನ ಬಟ್ಟಲುಗಳನ್ನು ಸಾಲಾಗಿ ಜೋಡಿಸತೊಡಗಿದಳು.

ಬೆಳಿಗ್ಗೆ ಶೃತಿ ಬರುವಷ್ಟರಲ್ಲಿ ಮೋಹನ್ ಕೋಣೆಯಿಂದ ಕರೆ ಬಂದಿತ್ತು. ಒಳಗೆ ನಿಖತ್ ಆಗಲೇ ಕೂತಿದ್ದಳು.

ಅವಳು ಎಲ್ಲವನ್ನೂ ಹೇಳಿ ಮುಗಿಸಿದ್ದಳು. ಉಪವಾಸವಿದ್ದದ್ದು, ಮೂಗಷ್ಟೇ ತನ್ನದೆಂದದ್ದು, ಪಾಸ್‌ವರ್ಡ್ ಕೊಟ್ಟದ್ದು, ಕೇಳಿಕೊಂಡವಳು ತಾನೇ ಎಂಬುದು. ಆ ತಿಂಗಳನ್ನು ತನ್ನ ಹೆಸರಿನಿಂದ ತೆಗೆದುಹಾಕಿ ಎಂದು ಹೇಳಿದ್ದಳು. ಮೋಹನ್ ಅದನ್ನೆಲ್ಲ ಶೃತಿಗೆ ಮತ್ತೆ ಹೇಳಿ, ಹೌದೇ ಎಂದು ಕೇಳಿದರು. ಇಷ್ಟು ದಿನ ಜೋಡಿಸಿಟ್ಟಿದ್ದ ವಾಕ್ಯಗಳಲ್ಲಿ ಶೃತಿಗೆ ಬೇಕಾದದ್ದು ಒಂದೇ ಪದ. ಹೌದು ಎಂದಳು.

ಮೋಹನ್ ಪೇಪರ್‌ವೇಟ್ ತಿರುಗಿಸಿದರು. ಬೈಯಬೇಕೆಂದು ಹೊರಟರೆ ಇಡೀ ವರ್ಕ್ಸನ್ನೇ ಬೈಯಬೇಕಾಗುತ್ತದೆ, ತನ್ನ ರಜೆಯನ್ನೂ ಲಿಂಗಪ್ಪನೇ ಹಾಕುತ್ತಿದ್ದ ಎಂದರು. ಹಾಸನಕ್ಕೆ ತಾನೇ ಬರೆದು ತಿಳಿಸುತ್ತೇನೆ, ಆ ತಿಂಗಳನ್ನು ಇಬ್ಬರ ಲೆಕ್ಕದಿಂದಲೂ ಬಿಡೋಣ ಎಂದರು. ಕಂಪ್ಯೂಟರಿನಲ್ಲಿ ಆ ತಿಂಗಳನ್ನು ತೆಗೆದಾಗ ಉಳಿದ ವರ್ಷದಲ್ಲಿ ಹಸಿರು ಗೆರೆಯೇ ಕಪ್ಪಿಗೆ ತುಸು ಹತ್ತಿರವಿತ್ತು. ಬಂದ ಕಾಫಿಯಲ್ಲಿ ಬಹುಪಾಲು ನಡುವಿನ ದರ್ಜೆಯದೇ. ನಡುವಿನಲ್ಲಿ ನಿಂತವಳು ಹೆಚ್ಚಿನ ಸಲ ಸರಿಯಾಗಿದ್ದಳು.

"ಹಂಗಾದ್ರೆ ಶೃತಿ ಹೆಸರೇ ಕಳಿಸ್ತೀನಿ" ಎಂದರು ಮೋಹನ್. "ಇನ್ಮೇಲೆ ಫೋನು, ಬೆರಳು, ನಾಲಗೆ, ಎಲ್ಲಾ ಅವರವರದ್ದೇ ಇರ್ಲಿ ಕಣ್ರಮ್ಮ."

ಹೊರಗೆ ಕಣದಲ್ಲಿ ಹೆಂಗಸರು ಕಾಫಿ ಹರವುತ್ತಿದ್ದರು. ಇಬ್ಬರೂ ಅದರ ಅಂಚಿನಲ್ಲೇ ಲ್ಯಾಬಿನ ಕಡೆ ನಡೆದರು. ಬೇಕೆಂದದ್ದು ಕೈಗೆ ಬಂದಿತ್ತು. ಆದರೂ ಶೃತಿಗೆ ಅದು ಯಾರೋ ತಟ್ಟೆಯಲ್ಲಿಟ್ಟು ಕೊಟ್ಟಂತೆ ಇತ್ತು. ತಾನು ಇಷ್ಟು ದಿನ ತೂಗಿ ತೂಗಿ ಹೇಳಲಾರದ್ದನ್ನು ಇವಳು ಒಂದು ರಾತ್ರಿ ಕಳೆಯುವಷ್ಟರಲ್ಲಿ ಹೇಳಿ ಮುಗಿಸಿದ್ದಳು. ಕಾಫಿಯ ಅಂಕದಂತೆಯೇ ಇದರಲ್ಲೂ ಮೊದಲ ಸಲಕ್ಕೇ ನೆಟ್ಟಗೆ ಹೋಗಿ ತಲುಪಿದ್ದಳು. ಆ ಸ್ಥಾನಕ್ಕಿಂತ ಹೆಚ್ಚಾಗಿ ಈಗ ಶೃತಿಗೆ ಅವಳ ಆ ನೇರತನದ ಮೇಲೆ ಆಸೆಯಾಯಿತು.

"ಯಾಕೆ ಹೇಳ್ದೆ?" ಎಂದು ಕೇಳಿದಳು.

"ನಂದಲ್ಲದ ನಾಲಗೇನ ಹೊಗಳಿಸ್ಕೊಂಡು ತಿಂಗಳೆಲ್ಲ ರೋಜಾ ಇರೋಕಾಗ್ತೈತಾ?" ಎಂದಳು ನಿಖತ್. ಸ್ವಲ್ಪ ದೂರ ನಡೆದ ಮೇಲೆ ಅವಳೇ ಮುಂದುವರಿಸಿದಳು. "ಹೊಟ್ಟೆ ಉರೀಲಿಲ್ಲ ಅಂದ್ಕೋಬೇಡ. ರಾತ್ರಿಯೆಲ್ಲ ಉರೀತು. ನನಗಿಂತ ಚೆನ್ನಾಗಿ ನೀನು ನಾನಾಗಿದ್ದೀಯಲ್ಲ, ಅದೆಂಗೆ ಅಂತ."

ನೀನು ಏನು ಹೇಳುತ್ತೀಯೋ ಅದನ್ನೇ ಊಹಿಸಿ ಬರೆಯುತ್ತಿದ್ದೆ ಎಂದಳು ಶೃತಿ. ನಿಖತ್ ತಲೆಯಾಡಿಸಿದಳು.

"ಊಹೆ ಅಲ್ಲ ಕಣೆ, ಭಯ ಇರ್ಲಿಲ್ಲ, ಅಷ್ಟೇ. ತಪ್ಪಾದ್ರೆ ಬೈಸ್ಕೊಳ್ಳೋಳು ನಾನಲ್ವಾ."

ಶೃತಿಗೆ ಸಿಟ್ಟು ಬಂತು. ತಾನು ಅಷ್ಟು ದಿನ ಬಿಡಿಸಿ ಬಿಡಿಸಿ ನೋಡಿದ್ದಕ್ಕೆ ಇವಳು ಇಷ್ಟು ಸಣ್ಣ ಕಾರಣ ಕೊಟ್ಟಳಲ್ಲ ಎಂದು.

ಹೊಸ ಹೊಣೆಯ ಜೊತೆಗೆ ಶೃತಿಯ ಪುಟದಲ್ಲಿ ಹೊಸದೊಂದು ಚೌಕವೂ ಬಂತು. ಅದರಲ್ಲಿ ನಿಖತ್ ಅಂಕ ಒತ್ತಿದ ಕೂಡಲೇ ಅದು ಕಾಣುತ್ತಿತ್ತು, ತಾನಿನ್ನೂ ಬರೆಯದಿದ್ದರೂ. ಶೃತಿ ಅಭಿಷೇಕ್‌ನಿಗೆ ಫೋನ್ ಮಾಡಿ, ತನ್ನದು ಬರೆಯುವವರೆಗೆ ಅವಳದು ಕಾಣದಂತೆ ಮಾಡಲಾಗುವುದೇ ಎಂದು ಕೇಳಿದಳು. ಎಲ್ಲರೂ ಇನ್ನೊಂದು ಚೌಕ ಕೊಡಿ ಎಂದು ಗೋಳುಹುಯ್ಯುತ್ತಿದ್ದಾರೆ, ಮುಚ್ಚಿ ಎಂದವರು ನೀವೊಬ್ಬರೇ ಮೇಡಂ ಎಂದು ಅವನು ನಕ್ಕ. ಮಾಡಬಹುದು, ಆದರೆ ಎರಡು ದಿನ ಬೇಕು.

ಆ ಸಂಜೆ ಮಗ್ಗೆಯ ಕೆಂಚಯ್ಯನ ಲಾಟ್ ಇತ್ತು. ಸಣ್ಣ ತೋಟ, ಹೊಸ ಬೆಳೆಗಾರ, ಮೊದಲ ಸಲ ಕಂಪನಿಗೆ ಕೊಟ್ಟದ್ದು. ಸೂರ್ಯ ಮುಳುಗಿ ಪಾಳ್ಯದ ಕಡೆಯಿಂದ ಆಜಾನ್ ಕೇಳಿತು. ನಿಖತ್ ಖರ್ಜೂರ ತಿಂದು, ನೀರು ಕುಡಿದು, ಬಟ್ಟಲುಗಳ ಬಳಿಗೆ ಬಂದಳು. ಇಡೀ ದಿನ ಏನನ್ನೂ ಮುಟ್ಟದ ಅವಳ ನಾಲಗೆ ಎಷ್ಟು ತಿಳಿಯಾಗಿರಬಹುದು ಎಂದು ಶೃತಿ ಯೋಚಿಸಿದಳು. ಉಪ್ಪಿನಲ್ಲಿ ಎಷ್ಟು ಉಜ್ಜಿದರೂ ತನ್ನದು ಹಾಗಾಗುವುದಿಲ್ಲ. ಅದರ ಮೇಲೂ ಅವಳಿಗೆ ಹೊಟ್ಟೆಕಿಚ್ಚಾಯಿತು.

ದೇವೀರಮ್ಮ ನೀರು ಹೊಯ್ದಳು. ಶೃತಿ ಬಟ್ಟಲಿನ ಮೇಲಿನ ನೊರೆ ಸರಿಸಿ ಹೀರಿದಳು. ಕಿತ್ತಳೆ ಸಿಪ್ಪೆ ಹಿಂಡಿದಂಥ ಹುಳಿ, ಹಿಂದೆಯೇ ಬೆಲ್ಲ. ಎಂಬತ್ತೇಳು ಎಂದು ನಾಲಗೆ ಹೇಳಿತು. ಬೆಚ್ಚಗಾದ ಮೇಲೆ ಹೀರಿದಳು, ಆರಿದ ಮೇಲೆ ಹೀರಿದಳು. ಅದೇ ಇತ್ತು.

ಬರೆಯಲೆಂದು ಕಂಪ್ಯೂಟರಿನ ಮುಂದೆ ಕೂತಾಗ ಹೊಸ ಚೌಕದಲ್ಲಿ ನಿಖತ್‌ಳ ಅಂಕ ಆಗಲೇ ಬಂದಿತ್ತು. ಎಂಬತ್ತಮೂರು.

ಬೆರಳು ಕೀಲಿಯ ಮೇಲೆ ನಿಂತಿತು. ಎಂಬತ್ತೈದು ಎಂದು ಹಾಕಿದರೆ ಯಾರೂ ಏನೂ ಹೇಳುವುದಿಲ್ಲ. ಹಳೆಯ ಅಭ್ಯಾಸ ಕೈಯನ್ನು ಅಲ್ಲಿಗೇ ಎಳೆಯುತ್ತಿತ್ತು. ಎಂಬತ್ತೇಳು ಎಂದರೆ ತನ್ನ ಹೆಸರಿನಲ್ಲಿ, ನಿಖತ್‌ಳದನ್ನು ಬದಿಗೆ ಸರಿಸಿ, ಕೊಳ್ಳುವವರಿಗೆ ನೇರ ಹೋಗುತ್ತದೆ. ತಪ್ಪಾದರೆ ಬೈಸಿಕೊಳ್ಳುವವಳು ಇನ್ನೊಬ್ಬಳಿಲ್ಲ. ಎಂಬತ್ತೇಳು ನಾಲಗೆಯ ಮಾತೋ, ಅವಳದಕ್ಕಿಂತ ಮೇಲಿರಲಿ ಎಂಬ ಹಟವೋ ಎಂದು ಒಂದು ಕ್ಷಣ ಅನುಮಾನವಾಯಿತು. ಅವಳ ಅಂಕ ನೋಡುವ ಮೊದಲೇ ಬಂದ ಸಂಖ್ಯೆ ಅದು ಎಂಬುದನ್ನು ಹಿಡಿದುಕೊಂಡು ಒತ್ತಿಬಿಟ್ಟಳು.

ನಿಖತ್ ದುಪಟ್ಟ ಸರಿಮಾಡಿಕೊಳ್ಳುತ್ತ ಹಿಂದೆ ಬಂದು ನಿಂತಳು. ಹೊರಗೆ ಫಾಜಿಲ್ ಬೈಕಿನ ಹಾರ್ನ್ ಹೊಡೆಯುತ್ತಿದ್ದ.

"ಎಂಬತ್ತೇಳಾ? ಜಾಸ್ತಿಯಾಯ್ತು ಮಾರಾಯ್ತಿ."

"ನೋಡಾಣ" ಎಂದಳು ಶೃತಿ.

ನಿಖತ್ ಹೋದಳು. ಕೊಳ್ಳುವವರ ಉತ್ತರ ಬರಲು ಎರಡು ವಾರವಾದರೂ ಬೇಕು. ಉಳಿದ ಬಟ್ಟಲುಗಳನ್ನು ದೇವೀರಮ್ಮ ಒಂದೊಂದಾಗಿ ತೊಟ್ಟಿಗೆ ಇಳಿಸುತ್ತಿದ್ದಳು. ಕೆಂಚಯ್ಯನ ಬಟ್ಟಲನ್ನು ಮಾತ್ರ ತೆಗೆಯಬೇಡಿ ಎಂದು ಹೇಳಿ ಶೃತಿ ಮತ್ತೊಮ್ಮೆ ಹೀರಿ ನೋಡಿದಳು. ಆ ಎರಡು ವಾರವೂ ತಾನು ತನ್ನ ಅಂಕ ಸರಿಯಾಗಲೆಂದು ಹಾರೈಸುವುದಕ್ಕಿಂತ ಹೆಚ್ಚಾಗಿ ನಿಖತ್‌ಳದು ತಪ್ಪಾಗಲೆಂದೇ ಕಾಯುತ್ತೇನೆ ಎಂಬುದು ಅವಳಿಗೆ ಸ್ಪಷ್ಟವಾಗಿತ್ತು. ಬೈಕಿನ ಹಿಂದೆ ಕೂತು ಮಾರನಹಳ್ಳಿಯ ಕಡೆಯಿಂದ ಬೀಸುವ ತಣ್ಣನೆ ಗಾಳಿಗೆ ಎದುರಾಗಿ ಹೋಗುತ್ತಿರುವ ನಿಖತ್‌ಳೂ ಈಗ ಅದನ್ನೇ ಬಯಸುತ್ತಿರಬೇಕು. ಕಾಫಿ ಪೂರ್ತಿ ತಣ್ಣಗಾಗಿತ್ತು. ಹುಳಿ ಹಾಗೇ ಇತ್ತು.